ಆಟದ ಬೆಲೆ, ಇರುಳಿನ ಬೆಲೆ

ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯನ್ನು ಅದು ನಡೆಯುವ ಊರಿಗೇ ಹೋಗಿ ನೋಡಬೇಕೆಂಬ ಅಭಿಲಾಷೆಯುಳ್ಳವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಟಿಕೆಟ್ಟಿನ ಬೆಲೆಯನ್ನು, ಅನಂತರ ವಿಮಾನದ ದರವನ್ನು; ತಂಗುವ ಜಾಗದ ಯೋಚನೆ ಅವರಿಗೆ ಬರುವುದು ಎಲ್ಲಕ್ಕಿಂತ ಕಡೆಗೆ, ಅಷ್ಟು ದೊಡ್ಡ ಊರಿನಲ್ಲಿ ಎಲ್ಲಾದರೂ ಒಂದು ಕೋಣೆ ಸಿಕ್ಕೀತೆಂಬ ಭರವಸೆಯ ಮೇಲೆ. ಈ ಅನುಕ್ರಮವನ್ನು ಸಂಪೂರ್ಣವಾಗಿ ತಿರುಗಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 2022ರ ಪಂದ್ಯಾವಳಿಗಾಗಿ ಕತಾರಿನ ದೋಹಾ ನಗರಕ್ಕೆ ಹೋಗಿಬಂದ ಮೇಲೆ ನನಗೆ ಮನದಟ್ಟಾದುದೇನೆಂದರೆ, ಇಂಥ ಯಾತ್ರೆಯಲ್ಲಿ ಗೃಹಸ್ಥನ ಹಣವನ್ನು ಕರಗಿಸುವುದು ಆಟವಲ್ಲ, ಇರುಳು. ನೋಡಬೇಕಾದ ಪಂದ್ಯಗಳನ್ನು ಎಣಿಸುವುದಕ್ಕೆ ಮುಂಚೆ ಕಳೆಯಬೇಕಾದ ರಾತ್ರಿಗಳನ್ನು ಎಣಿಸಿದವನು ಮಾತ್ರ ತನ್ನ ಆಯವ್ಯಯವನ್ನು ಹಿಡಿತದಲ್ಲಿಟ್ಟುಕೊಳ್ಳಬಲ್ಲನು.

ಲೆಕ್ಕವನ್ನೇ ನೋಡೋಣ. ಗುಂಪು ಹಂತದ ಒಂದು ಪಂದ್ಯಕ್ಕೆ, ಹೊರದೇಶದವರಿಗೆ ದೊರೆಯುತ್ತಿದ್ದ ಮೂರನೆಯ ದರ್ಜೆಯ ಟಿಕೆಟ್ಟಿನ ಬೆಲೆ 250 ರಿಯಾಲ್. ಅಂದಿನ ವಿನಿಮಯದಲ್ಲಿ ಐದು ಸಾವಿರದ ಮುನ್ನೂರು ರೂಪಾಯಿಯ ಆಸುಪಾಸು. ಅದೇ ಊರಿನ ಹೊರವಲಯದಲ್ಲಿ ಪ್ರೇಕ್ಷಕರಿಗಾಗಿ ಸಾಲುಸಾಲಾಗಿ ನಿಲ್ಲಿಸಿದ್ದ ತಗಡಿನ ಕ್ಯಾಬಿನ್ನುಗಳಲ್ಲಿ, ಎರಡು ಮಂಚ ಮತ್ತೊಂದು ಸ್ನಾನದ ಕೋಣೆಯ ಹೊರತು ಹೇಳಿಕೊಳ್ಳುವಂಥದೇನೂ ಇಲ್ಲದ ಜಾಗದಲ್ಲಿ, ಇಬ್ಬರ ಒಂದು ರಾತ್ರಿಯ ಬಾಡಿಗೆ ಸುಮಾರು 200 ಡಾಲರ್, ಎಂದರೆ ಹದಿನಾರು ಸಾವಿರ ರೂಪಾಯಿ. ಒಂದು ಇರುಳಿನ ನಿದ್ರೆಗೆ ಮೂರು ಪಂದ್ಯಗಳ ಬೆಲೆ! ಫೈನಲ್ ಪಂದ್ಯದ ಮಾತು ಬೇರೆ. ಅದರ ಮೊದಲ ದರ್ಜೆಯ ಟಿಕೆಟ್ಟಿಗೆ 5,850 ರಿಯಾಲ್ ಇದ್ದಿತು. ಆದರೆ ಅದು ನಮ್ಮಂಥವರ ಲೆಕ್ಕದ ಪುಸ್ತಕಕ್ಕೆ ಬರತಕ್ಕ ವಿಷಯವಲ್ಲ.

ಹಣವನ್ನು ಕೂಡಿಸುವ ವಿಚಾರಕ್ಕೆ ಬಂದರೆ, ಈ ಪಂದ್ಯಾವಳಿಯಷ್ಟು ಅನುಕೂಲವಾದ ಆಸೆ ಇನ್ನೊಂದಿಲ್ಲವೆಂದು ನಾನು ಭಾವಿಸುತ್ತೇನೆ. ಮಗಳ ಮದುವೆ ಯಾವಾಗ ನಿಶ್ಚಯವಾದೀತೆಂದು ಯಾರಿಗೂ ತಿಳಿಯದು. ಕಾಯಿಲೆ ಹೇಳಿ ಬರುವುದಿಲ್ಲ. ವಿಶ್ವಕಪ್ಪಾದರೋ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ, ಮತ್ತು ಎಲ್ಲಿ ನಡೆಯುವುದೆಂಬುದು ಬಹಳ ಮುಂಚೆಯೇ ಗೊತ್ತಾಗಿರುತ್ತದೆ. ಕತಾರಿಗೆ ಈ ಗೌರವ ಸಂದದ್ದು 2010ರ ಡಿಸೆಂಬರಿನಲ್ಲಿ, ಆಟ ನಡೆಯುವುದಕ್ಕೆ ಹನ್ನೆರಡು ವರ್ಷ ಮೊದಲು. 2018ರ ಜುಲೈ ತಿಂಗಳಲ್ಲಿ ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದಲ್ಲಿ ಫ್ರಾನ್ಸ್ ತಂಡವು ಕ್ರೊಯೇಷಿಯಾವನ್ನು ಸೋಲಿಸಿದುದನ್ನು ಟೀವಿಯಲ್ಲಿ ನೋಡಿದ ವಾರದಲ್ಲಿಯೇ ನಾನು ಬ್ಯಾಂಕಿಗೆ ಹೋಗಿ, ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಯಂತೆ ನಾಲ್ಕು ವರ್ಷದ ಒಂದು ಆರ್.ಡಿ. ಖಾತೆಯನ್ನು ತೆರೆದೆನು. ಕಟ್ಟಿದ ಮೊತ್ತ ಒಂದು ಲಕ್ಷದ ತೊಂಬತ್ತೆರಡು ಸಾವಿರ. ಆರೂವರೆ ಪ್ರತಿಶತದ ಆಸುಪಾಸಿನಲ್ಲಿದ್ದ ಬಡ್ಡಿಯೂ ಸೇರಿ ಕೈಗೆ ಬಂದುದು ಎರಡು ಲಕ್ಷದ ಹದಿನೆಂಟು ಸಾವಿರದ ಹತ್ತಿರ, ಬಡ್ಡಿಯ ಮೇಲಿನ ಆದಾಯ ತೆರಿಗೆ ಪ್ರತ್ಯೇಕ. ಷೇರಿನಲ್ಲಿಯೋ ಮ್ಯೂಚುವಲ್ ಫಂಡಿನಲ್ಲಿಯೋ ಹಾಕಿದ್ದರೆ ಇನ್ನೂ ಹೆಚ್ಚಾಗುತ್ತಿತ್ತಲ್ಲವೆ ಎಂದು ಸ್ನೇಹಿತರು ಕೇಳಿದುದುಂಟು. ಆಗುತ್ತಿದ್ದಿರಬಹುದು, ಆದರೆ ಆಟದ ದಿನಾಂಕವನ್ನು ಪೇಟೆಯ ಏರಿಳಿತಕ್ಕೆ ತಕ್ಕಂತೆ ಮುಂದೂಡುವುದು ಸಾಧ್ಯವಿಲ್ಲ. ದಿನ ನಿಶ್ಚಿತವಾಗಿರುವ ಖರ್ಚಿಗೆ ಮೊತ್ತವೂ ನಿಶ್ಚಿತವಾಗಿರುವ ಉಳಿತಾಯವೇ ಯೋಗ್ಯವಾದುದು. ಇಂಥ ಪ್ರವಾಸಕ್ಕಾಗಿ ಸಾಲ ಮಾಡುವುದನ್ನಂತೂ ನಾನು ಯಾವ ಸಂದರ್ಭದಲ್ಲಿಯೂ ಒಪ್ಪಲಾರೆ.

ಕೂಡಿಟ್ಟ ರೂಪಾಯಿಗೆ ಇನ್ನೊಂದು ಆಪತ್ತು ಇದೆ. ಅದು ಕಣ್ಣಿಗೆ ಕಾಣದೆ ಬರತಕ್ಕದ್ದು. ಕತಾರಿನ ರಿಯಾಲು ಅಮೆರಿಕದ ಡಾಲರಿಗೆ ಕಟ್ಟುಬಿದ್ದ ನಾಣ್ಯ, ಒಂದು ಡಾಲರಿಗೆ 3.64 ರಿಯಾಲ್ ಎಂದು. ಆದುದರಿಂದ ಡಾಲರು ಏರಿದಷ್ಟೂ ರಿಯಾಲು ನಮಗೆ ದುಬಾರಿಯಾಗುತ್ತದೆ. 2022ರ ಜನವರಿಯಲ್ಲಿ ಡಾಲರಿಗೆ ಎಪ್ಪತ್ತನಾಲ್ಕು ಎಪ್ಪತ್ತೈದರ ನಡುವೆ ಇದ್ದ ರೂಪಾಯಿ ಅಕ್ಟೋಬರಿನಲ್ಲಿ ಎಂಬತ್ತಮೂರನ್ನು ದಾಟಿತು. ವರ್ಷದ ಆರಂಭದಲ್ಲಿ ಇಪ್ಪತ್ತು ಸಾವಿರದ ನಾನೂರಕ್ಕೆ ದೊರೆಯುತ್ತಿದ್ದ ಸಾವಿರ ರಿಯಾಲಿಗೆ ದೀಪಾವಳಿಯ ಹೊತ್ತಿಗೆ ಇಪ್ಪತ್ತೆರಡು ಸಾವಿರದ ಎಂಟುನೂರು ತೆರಬೇಕಾಯಿತು. ಇದನ್ನು ಮುಂಚಿತವಾಗಿ ಊಹಿಸುವ ಶಕ್ತಿ ನನಗಾಗಲಿ ನನ್ನ ಬ್ಯಾಂಕಿನವರಿಗಾಗಲಿ ಇರಲಿಲ್ಲ. ಆದಕಾರಣ ನಾನು ಮಾಡಿದುದಿಷ್ಟೆ: ಜೂನಿನಲ್ಲಿ ಟಿಕೆಟ್ಟಿನ ಹಣ ಸಂದಾಯವಾಯಿತು, ಜುಲೈಯಲ್ಲಿ ಆರ್.ಡಿ. ಮುಗಿದೊಡನೆ ಅಂದಾಜು ಖರ್ಚಿನ ಅರ್ಧವನ್ನು ಫಾರೆಕ್ಸ್ ಕಾರ್ಡಿಗೆ ತುಂಬಿಸಿದೆನು. ಉಳಿದ ಅರ್ಧವನ್ನು ಹೊರಡುವ ಮುನ್ನ ತುಂಬಿಸಿದೆನು. ಹೀಗೆ ಮೂರು ಕಂತುಗಳಲ್ಲಿ ಕೊಂಡವನಿಗೆ ಅತ್ಯುತ್ತಮ ದರ ದೊರೆಯುವುದಿಲ್ಲ, ಅತ್ಯಂತ ಕೆಟ್ಟ ದರವೂ ತಗಲುವುದಿಲ್ಲ. ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನನ್ನನ್ನು ಕಂಗೆಡಿಸಿದ ಅದೇ ರೂಪಾಯಿಯ ಕುಸಿತವು, ಅಲ್ಲಿ ದುಡಿದು ತಿಂಗಳು ತಿಂಗಳೂ ಮನೆಗೆ ಹಣ ಕಳುಹಿಸುವ ನಮ್ಮವರಿಗೆ ಹೆಚ್ಚಿನ ರೂಪಾಯಿಗಳ ನೆಮ್ಮದಿಯನ್ನು ತಂದಿತು. ಆ ಕ್ರೀಡಾಂಗಣಗಳನ್ನು ಬಿಸಿಲಿನಲ್ಲಿ ನಿಂತು ಕಟ್ಟಿದ ಕೈಗಳಲ್ಲಿ ನಮ್ಮ ದೇಶದ ಕೈಗಳು ಅನೇಕವೆಂಬುದನ್ನು ನೆನೆದಾಗ ಆ ನಷ್ಟ ನನ್ನನ್ನು ಬಾಧಿಸಲಿಲ್ಲ.

ಟಿಕೆಟ್ಟುಗಳನ್ನು ಹಂಚಿದುದು ಚೀಟಿಯೆತ್ತುವ ಕ್ರಮದಿಂದ. ಮೊದಲ ಸುತ್ತಿನ ಅರ್ಜಿಯನ್ನು ಜನವರಿ, ಫೆಬ್ರವರಿಯಲ್ಲಿ ಕರೆದರು. ಯಾವ ತಂಡ ಯಾರೊಡನೆ ಆಡುವುದೆಂಬುದು ತೀರ್ಮಾನವಾದುದು ಏಪ್ರಿಲ್ 1ರಂದು. ಎರಡನೆಯ ಸುತ್ತಿನ ಅರ್ಜಿಗೆ ಅದೇ ತಿಂಗಳ 5ರಿಂದ 28ರವರೆಗೆ ಅವಕಾಶವಿತ್ತು. ನಾನು ಎರಡನೆಯ ಸುತ್ತಿಗೆ ಕಾದೆನು. ಅರ್ಜಿ ಫಲಿಸಿದವರು ಗೊತ್ತುಪಡಿಸಿದ ಗಡುವಿನೊಳಗೆ ಹಣ ಕಟ್ಟಬೇಕಾಗಿದ್ದುದರಿಂದ, ಆ ದಿನಗಳಲ್ಲಿ ಕಾರ್ಡಿನ ಮಿತಿಯನ್ನು ಬೇರೆ ಖರೀದಿಗೆ ಬಳಸದೆ ಕಾಯ್ದಿರಿಸಿಕೊಳ್ಳುವುದು ಅವಶ್ಯಕವಾಗಿತ್ತು. ನಾನು ತಂಡವನ್ನು ಹುಡುಕಲಿಲ್ಲ, ದಿನವನ್ನು ಹುಡುಕಿದೆನು. ದೋಹಾದ ವೈಶಿಷ್ಟ್ಯವೇ ಅದು: ಎಂಟು ಕ್ರೀಡಾಂಗಣಗಳೂ ಒಂದೇ ನಗರದ ಸುತ್ತ, ಅತ್ಯಂತ ದೂರದ ಎರಡರ ನಡುವೆಯೂ ಸುಮಾರು ಎಪ್ಪತ್ತೈದು ಕಿಲೋಮೀಟರು, ದಿನಕ್ಕೆ ನಾಲ್ಕು ಪಂದ್ಯ, ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತರವರೆಗೆ ಮೂರು ಮೂರು ಗಂಟೆಗಳ ಅಂತರದಲ್ಲಿ. ಒಂದೇ ದಿನ ಎರಡು ಪಂದ್ಯಗಳನ್ನು ನೋಡಿದವನಿಗೆ ಒಂದು ರಾತ್ರಿಯ ಬಾಡಿಗೆ ಉಳಿಯಿತೆಂದೇ ಅರ್ಥ.

ಇನ್ನು ತಂಗುವ ವಿಚಾರ. ದೋಹಾದಲ್ಲಿ ನನ್ನ ತಂಗಿಯ ಮಗನಿದ್ದಾನೆ. ಹೆಂಡತಿ ಮತ್ತು ಎಳೆಯ ಮಗಳೊಡನೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ವಾಸ. ಆ ವರ್ಷ ದೇಶದೊಳಕ್ಕೆ ಕಾಲಿಡಲು ಹಯ್ಯಾ ಎಂಬ ಕಾರ್ಡು ಬೇಕಾಗಿದ್ದಿತು. ಅದನ್ನು ಪಡೆಯಲು ಇಂಥಲ್ಲಿ ತಂಗುತ್ತೇವೆಂದು ತೋರಿಸಬೇಕಾಗಿದ್ದಿತು. ಅಲ್ಲಿನ ನಿವಾಸಿಗಳು ಬಂಧುಮಿತ್ರರನ್ನು ತಮ್ಮ ಮನೆಯ ಅತಿಥಿಗಳೆಂದು ನೋಂದಾಯಿಸಲು ಸರಕಾರ ಅನುಮತಿ ಕೊಟ್ಟಿತು. ಆ ಕರಾವಳಿಯಲ್ಲಿ ನಮ್ಮ ದಕ್ಷಿಣ ಕನ್ನಡದವರು ಎಷ್ಟು ಮಂದಿ ನೆಲಸಿದ್ದಾರೆಂಬುದನ್ನು ಬಲ್ಲವರಿಗೆ, ಈ ಒಂದು ನಿಯಮದಿಂದ ಎಷ್ಟು ಮನೆಗಳ ಚಾಪೆಗಳು ಬಿಡಿಸಿಕೊಂಡುವೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಬಂಧುವಿನ ಮನೆಯಲ್ಲಿ ಉಳಿದರೆ ಖರ್ಚಿಲ್ಲವೆಂದು ಭಾವಿಸುವುದು ನ್ಯಾಯವಲ್ಲ. ಪಂದ್ಯಾವಳಿಯ ವರ್ಷ ದೋಹಾದಲ್ಲಿ ಮನೆ ಬಾಡಿಗೆಗಳು ಏರಿದವು. ನಮ್ಮ ಹುಡುಗನ ಮನೆಯ ಮಾಲೀಕನೂ ಕರಾರು ನವೀಕರಿಸುವಾಗ ಬಾಡಿಗೆಯನ್ನು ಹೆಚ್ಚಿಸಿದ್ದನು. ಅಂಥ ಮನೆಯಲ್ಲಿ ಇಬ್ಬರು ಹೋಗಿ ಕುಳಿತರೆ, ಹಗಲಿರುಳು ಓಡುವ ಏಸಿಯಿಂದ ಮೊದಲುಗೊಂಡು ಬೆಳಗಿನ ಹಾಲಿನವರೆಗೆ ಎಲ್ಲದಕ್ಕೂ ಬೆಲೆಯುಂಟು. ಈ ಮಾತನ್ನು ನಾನು ಫೋನಿನಲ್ಲಿ ಎತ್ತಿದೊಡನೆ ಅವನು, “ಮಾವ, ನೀವು ದುಡ್ಡಿನ ಸುದ್ದಿ ತೆಗೆದರೆ ನಾನು ಈಗಲೇ ಅಮ್ಮನಿಗೆ ಹೇಳುತ್ತೇನೆ, ಆಮೇಲೆ ನೀವುಂಟು ಅವರುಂಟು” ಎಂದು ಬಾಯಿ ಕಟ್ಟಿದನು. ಹಣ ತೆಗೆದುಕೊಳ್ಳದವರಿಗೆ ಹಣ ಸಲ್ಲಿಸುವ ಮಾರ್ಗಗಳನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಹಿಡಿದಿದ್ದಾರೆ. ಕ್ಯಾಬಿನ್ನಿನಲ್ಲಿ ಉಳಿದಿದ್ದರೆ ಆಗುತ್ತಿದ್ದ ವೆಚ್ಚದ ಮೂರನೆಯ ಒಂದು ಪಾಲನ್ನು ಆತಿಥ್ಯ ಎಂಬ ಶೀರ್ಷಿಕೆಯ ಕೆಳಗೆ ಮೊದಲೇ ಬರೆದಿಟ್ಟೆವು. ಅದರಿಂದಲೇ ಹೊರಡುವಾಗ ಕುಚ್ಚಲಕ್ಕಿ, ಬ್ಯಾಡಗಿ ಮೆಣಸಿನಕಾಯಿ, ಹಲಸಿನ ಹಪ್ಪಳಗಳನ್ನು ವಿಮಾನದವರು ಒಪ್ಪುವಷ್ಟು ತೂಕಕ್ಕೆ ಕಟ್ಟಿದೆವು; ಇದ್ದಷ್ಟು ದಿನವೂ ಮನೆಯ ದಿನಸಿಯನ್ನು ನನ್ನ ಹೆಂಡತಿಯೇ ತಂದಳು, ಸೊಸೆ ಅಡುಗೆಮನೆಯಿಂದ ಕೂಗಿ ಬೇಡವೆನ್ನುವುದಕ್ಕೆ ಮೊದಲೇ ಅವಳ ಚಪ್ಪಲಿ ಮೆಟ್ಟಿಲಿಳಿದಾಗಿರುತ್ತಿತ್ತು; ಉಳಿದುದನ್ನು ಹೊರಡುವ ದಿನ ಮಗುವಿನ ಅಂಗೈಯಲ್ಲಿ ಇಟ್ಟೆವು. ಮಗುವಿನ ಕೈಗೆ ಕೊಟ್ಟುದನ್ನು ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ.

ಹೆಂಡತಿಯ ವಿಷಯದಲ್ಲಿ ನಡೆದ ಒಂದು ಲೆಕ್ಕವನ್ನು ಇಲ್ಲಿಯೇ ಹೇಳಿಬಿಡಬೇಕು. ಅವಳಿಗೆ ಬೇಕಾಗಿದ್ದುದು ಮಗುವಿನ ಮುಖ, ಆಟವಲ್ಲ. ಟಿಕೆಟ್ ಇದ್ದವರು ಟಿಕೆಟ್ ಇಲ್ಲದ ಮೂವರನ್ನು ತಮ್ಮೊಡನೆ ಕರೆತರಬಹುದೆಂದು ಸರಕಾರ ಪ್ರಕಟಿಸಿತಾದರೂ, ಹನ್ನೆರಡು ವರ್ಷ ಮೀರಿದವರಿಗೆ ತಲೆಗೆ 500 ರಿಯಾಲ್ ಶುಲ್ಕ ವಿಧಿಸಿತು. ಟಿಕೆಟ್ಟಿನ ಬೆಲೆಯೋ 250 ರಿಯಾಲ್, ಟಿಕೆಟ್ ಉಳ್ಳವರಿಗೆ ಹಯ್ಯಾ ಕಾರ್ಡು ಉಚಿತ. ಆಟ ನೋಡದಿರುವುದಕ್ಕೆ ನೋಡುವುದರ ಎರಡರಷ್ಟು ಕೊಡಬೇಕಾಗಿತ್ತು! ಆಮೇಲಿನ ಮಾರಾಟದಲ್ಲಿ ಅವಳಿಗೂ ಒಂದು ಟಿಕೆಟ್ಟನ್ನು ಕೊಂಡೆನು.

ಹೀಗಾಗಿ ನವೆಂಬರ್ 28ರ ಮಧ್ಯಾಹ್ನ ಅಲ್ ವಕ್ರಾದ ಅಲ್ ಜನೂಬ್ ಕ್ರೀಡಾಂಗಣದಲ್ಲಿ ನಾವು ಮೂವರೂ ಇದ್ದೆವು, ಆದರೆ ಒಟ್ಟಿಗೆ ಅಲ್ಲ. ನಿವಾಸಿಗಳಿಗೆ ಮಾತ್ರ ಮೀಸಲಾಗಿದ್ದ ನಾಲ್ಕನೆಯ ದರ್ಜೆಯ ಟಿಕೆಟ್ಟನ್ನು ಹುಡುಗನು 40 ರಿಯಾಲಿಗೆ ಪಡೆದು ಬೇರೊಂದು ಮೂಲೆಯಲ್ಲಿ ಕುಳಿತಿದ್ದನು. ಕ್ಯಾಮರೂನ್ ಮತ್ತು ಸರ್ಬಿಯಾ ತಂಡಗಳ ಪಂದ್ಯವದು. ಪ್ರಸಿದ್ಧ ತಂಡಗಳಲ್ಲವೆಂದು ಅನೇಕರು ಬಿಟ್ಟ ಪಂದ್ಯ. ಸರ್ಬಿಯಾ ಮೂರು, ಕ್ಯಾಮರೂನ್ ಒಂದು ಎಂದಿದ್ದಾಗ ಅಬೂಬಕರ್ ಎಂಬ ಆಟಗಾರನು ಓಡುತ್ತಲೇ ಚೆಂಡನ್ನು ಕಾಲ್ಬೆರಳಿನಿಂದ ಮೃದುವಾಗಿ ಎತ್ತಿ, ಮುಂದೆ ಬಂದ ಗೋಲಿಯ ತಲೆಯ ಮೇಲಿಂದ ಬಲೆಗೆ ಇಳಿಬಿಟ್ಟನು. ಅದರ ಗದ್ದಲ ಅಡಗುವುದಕ್ಕೆ ಮುಂಚೆ, ಮೂರೇ ನಿಮಿಷದಲ್ಲಿ, ಮೂರನೆಯ ಗೋಲೂ ಬಂದು ಪಂದ್ಯ ಸಮವಾಯಿತು. ಆಟವೆಂದರೆ ಆಸಕ್ತಿಯಿಲ್ಲದವಳು ಎದ್ದುನಿಂತು ಕೂಗಿದುದನ್ನು ನಾನು ಕಣ್ಣಾರೆ ಕಂಡೆನು. ಸಂಜೆ ಅದೇ ಹಯ್ಯಾ ಕಾರ್ಡಿನ ಮೇಲೆ, ಒಂದು ಕಾಸೂ ಕೊಡದೆ ಮೆಟ್ರೋ ಹಿಡಿದು, ಬಂದರಿನ ಹತ್ತಿರ 974 ಸರಕುಪೆಟ್ಟಿಗೆಗಳಿಂದ ಕಟ್ಟಿ ಅದೇ ಸಂಖ್ಯೆಯನ್ನು ಹೆಸರಾಗಿ ಇಟ್ಟಿದ್ದ ಕ್ರೀಡಾಂಗಣಕ್ಕೆ ನಾನು ಹೋದೆನು. ಬ್ರೆಜಿಲ್ ತಂಡವು ಕಸೆಮಿರೋನ ಒಂದೇ ಗೋಲಿನಿಂದ ಸ್ವಿಟ್ಜರ್ಲೆಂಡನ್ನು ಗೆದ್ದಿತು. ಆ ದಿನದ ಎರಡು ಆಟಕ್ಕೂ ಸೇರಿ ನನಗೆ ತಗಲಿದುದು 500 ರಿಯಾಲ್, ಸಂಚಾರಕ್ಕೆ ಏನೂ ಇಲ್ಲ.

ಮನೆಯಾಗಲಿ ಕ್ಯಾಬಿನ್ನಾಗಲಿ ಒದಗದವರು ದುಬೈ, ಮಸ್ಕತ್‌ಗಳಲ್ಲಿ ತಂಗಿ, ಬೆಳಗಿನ ವಿಮಾನದಲ್ಲಿ ಬಂದು ರಾತ್ರಿಯ ವಿಮಾನದಲ್ಲಿ ಮರಳಿದುದೂ ಉಂಟು. ಒಂದು ಪಂದ್ಯಕ್ಕೆ ಅದು ಸರಿಹೋಗಬಹುದು. ಹೆಚ್ಚಾದರೆ ಕೋಣೆಯಲ್ಲಿ ಉಳಿಸಿದುದು ವಿಮಾನಕ್ಕೆ ಹೋಗುತ್ತದೆ. ಪ್ಯಾಕೇಜ್ ಪ್ರವಾಸದವರು ಎಲ್ಲವನ್ನೂ ಒಂದೇ ಮೊತ್ತದಲ್ಲಿ ಹೇಳಿದಾಗ, ಅದರಲ್ಲಿ ಟಿಕೆಟ್ಟಿನ ಪಾಲೆಷ್ಟು, ರಾತ್ರಿಯ ಪಾಲೆಷ್ಟು ಎಂದು ಬಿಡಿಸಿ ಬರೆಸಿಕೊಳ್ಳದೆ ಮುಂಗಡ ಕೊಡಕೂಡದು. ಅಂದಿನ ನಿಯಮದಂತೆ ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಶೇಕಡಾ ಐದರಷ್ಟು ಟಿಸಿಎಸ್ ಎಂಬ ತೆರಿಗೆಯನ್ನು ಬೇರೆ ಹಿಡಿಯುತ್ತಿದ್ದರು. ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಹಣ ಸಿಕ್ಕಿಬೀಳುತ್ತದೆ. ಅಂಗಡಿಯಲ್ಲಿ ಕಾರ್ಡ್ ಯಂತ್ರವು ರೂಪಾಯಿಯಲ್ಲಿ ಕೊಡುವಿರೋ ರಿಯಾಲಿನಲ್ಲಿ ಕೊಡುವಿರೋ ಎಂದು ಕೇಳಿದಾಗ ರಿಯಾಲನ್ನೇ ಒತ್ತಬೇಕು.

ಈಗ 2026ರ ಪಂದ್ಯಾವಳಿಗೆ ಹೊರಡಬಯಸುವ ಓದುಗರು ನನ್ನನ್ನು ಕೇಳುತ್ತಿದ್ದಾರೆ. ಅಮೆರಿಕ, ಕೆನಡಾ, ಮೆಕ್ಸಿಕೋ ಮೂರು ದೇಶಗಳ 16 ನಗರಗಳಲ್ಲಿ 104 ಪಂದ್ಯಗಳು. ಟಿಕೆಟ್ಟಿನ ಬೆಲೆ ಬೇಡಿಕೆಗೆ ತಕ್ಕಂತೆ ಏರಿಳಿಯತಕ್ಕದ್ದು. ದೋಹಾದಲ್ಲಿ ಮೆಟ್ರೋ ಮಾಡಿದ ಕೆಲಸವನ್ನು ಅಲ್ಲಿ ವಿಮಾನವೇ ಮಾಡಬೇಕು. ಹೀಗಿರುವಾಗ ತಂಡದ ಬೆನ್ನುಹತ್ತಿ ಊರೂರು ತಿರುಗುವ ಸಾಹಸವನ್ನು ಬಿಟ್ಟು ಒಂದೇ ನಗರವನ್ನು ಆರಿಸಿಕೊಂಡು ಅಲ್ಲಿಯೇ ನೆಲೆ ನಿಲ್ಲಬೇಕೆಂಬುದು ನನ್ನ ಸಲಹೆ. ಮೊದಲ ಖರ್ಚು ಅಮೆರಿಕದ ವೀಸಾದ್ದು. ಅದರ ಶುಲ್ಕವಾದ 185 ಡಾಲರು ವೀಸಾ ದೊರೆಯದಿದ್ದರೆ ಹಿಂದಿರುಗುವುದಿಲ್ಲ, ಮತ್ತು ಕೈಯಲ್ಲಿ ಟಿಕೆಟ್ ಇದ್ದ ಮಾತ್ರಕ್ಕೆ ವೀಸಾ ದೊರೆಯುವುದೂ ಇಲ್ಲ. ಅದು ಕೈಸೇರುವವರೆಗೆ ರದ್ದು ಮಾಡಿದರೆ ಹಣ ಮರಳಿಸುವ ಕೋಣೆಯನ್ನು ಮಾತ್ರ ಕಾಯ್ದಿರಿಸಬೇಕು. ಎಲ್ಲ ನಗರಗಳಿಗಿಂತ ಹೆಚ್ಚು, ಒಂಬತ್ತು ಪಂದ್ಯಗಳು ಡಾಲಸ್ಸಿಗೆ ಬಂದಿವೆ. ಕನ್ನಡಿಗರ ಮನೆಗಳೂ ಆ ಊರಿನಲ್ಲಿ ಸಾಕಷ್ಟಿವೆ. ಆದರೆ ಕ್ರೀಡಾಂಗಣವಿರುವುದು ಪಕ್ಕದ ಆರ್ಲಿಂಗ್ಟನ್ನಿನಲ್ಲಿ, ಅದರ ಬಾಗಿಲಿಗೆ ಒಯ್ಯುವ ಮೆಟ್ರೋ ಇಲ್ಲ. ಅಲ್ಲಿ ನೆಂಟರಿರುವವರು ಕೋಣೆಯ ಮಾತಿನೊಡನೆಯೇ, ಪಂದ್ಯದ ದಿನ ಮನೆಯ ಕಾರು ಬಿಡುವಾಗಿರುತ್ತದೆಯೆ ಎಂಬುದನ್ನೂ ಕೇಳಿಕೊಳ್ಳುವುದು ಒಳ್ಳೆಯದು.