ಟೊಂಕದ ನೋವಿಗೂ ಲೆಕ್ಕ ಇಡಿ: ಮೊಬೈಲ್‌ನಲ್ಲೇ ಅಳೆಯಿರಿ, ಕೆಲಸದ ರೀತಿ ಬದಲಿಸಿ

ಬೆಳೆಗೆ ರೋಗ ಬಂದರೆ ಎಲೆಯ ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ. ಟೊಂಕ ಹಿಡಿದರೆ ಮಾತ್ರ ಒಂದು ಗುಳಿಗೆ ನುಂಗಿ, ಮರುದಿನ ಅದೇ ಕೆಲಸಕ್ಕೆ ಇಳೀತೀವಿ. ಗುಳಿಗೆ ನೋವನ್ನು ತಡೀಬಹುದು, ಆದರೆ ನೋವು ತಂದ ಕಾರಣ ಹೊಲದಲ್ಲೇ ಉಳಿದಿರುತ್ತೆ.

ನಮ್ಮ ಮಾಗಳದ ಕಡೆ ಕೆಲಸಗಳನ್ನೇ ನೋಡಿ. ತುಂಗಭದ್ರೆ ದಂಡೆಯ ಗದ್ದೆಗಳಲ್ಲಿ ಭತ್ತದ ನಾಟಿ, ಮೆಕ್ಕೆಜೋಳದ ಚೀಲ ಹೊರೋದು, ಕೂಡ್ಲಿಗಿ ಕಡೆ ಶೇಂಗಾ ಕಳೆ, ಜಿಐ ಮಾನ್ಯತೆ ಪಡೆದ ನಮ್ಮ ಹಡಗಲಿ ಮಲ್ಲಿಗೆಯ ಮೊಗ್ಗು ಬಿಡಿಸೋದು. ಇವುಗಳಲ್ಲಿ ಬಹುಪಾಲು ಬಗ್ಗಿ ಮಾಡೋ ಕೆಲಸ. ಅದರಲ್ಲೂ ಕಳೆ, ನಾಟಿ, ಮೊಗ್ಗು ಮೂರೂ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೇ ಬರುತ್ತವೆ. ಸ್ನಾಯು, ಕೀಲು, ಬೆನ್ನುಮೂಳೆಯ ತೊಂದರೆ ಒಂದೇ ದಿನ ಭಾರ ಎತ್ತಿದ್ದರಿಂದ ಮಾತ್ರ ಬರೋದಿಲ್ಲ. ಬಗ್ಗಿದ ಕೋನ, ಬಗ್ಗಿದ ಹೊತ್ತು, ಎತ್ತಿದ ಭಾರ, ಮಾಡಿದ್ದನ್ನೇ ಮಾಡಿದ ಸಲ, ಈ ನಾಲ್ಕೂ ಕೂಡಿ ಬರುತ್ತೆ. ನಾಲ್ಕನ್ನೂ ಅಳೆಯಬಹುದು, ಅಳೆದರೆ ಕಡಿಮೆ ಮಾಡಬಹುದು.

ಮೊದಲು ಗುರುತಿಸಿ

1987ರಲ್ಲಿ ನಾರ್ಡಿಕ್ ದೇಶಗಳ ತಜ್ಞರು ಒಂದು ಪ್ರಶ್ನಾವಳಿ ಪ್ರಕಟಿಸಿದರು. ಇವತ್ತಿಗೂ ಜಗತ್ತಿನಾದ್ಯಂತ ಅದು ಬಳಕೆಯಲ್ಲಿದೆ. ದೇಹವನ್ನು 9 ಭಾಗ ಮಾಡ್ತಾರೆ: ಕತ್ತು, ಭುಜ, ಮೊಣಕೈ, ಮಣಿಕಟ್ಟು-ಕೈ, ಬೆನ್ನಿನ ಮೇಲ್ಭಾಗ, ಟೊಂಕ, ಸೊಂಟದ ಕೀಲು-ತೊಡೆ, ಮೊಣಕಾಲು, ಕಣಕಾಲು-ಪಾದ. ಪ್ರತಿ ಭಾಗಕ್ಕೂ ಮೂರು ಪ್ರಶ್ನೆ:

1. ಹೋದ 12 ತಿಂಗಳಲ್ಲಿ ಇಲ್ಲಿ ನೋವು ಬಂದಿತ್ತಾ?
2. ಹೋದ 7 ದಿನದಲ್ಲಿ?
3. ಅದರಿಂದ ಮಾಮೂಲಿ ಕೆಲಸ ನಿಂತಿತ್ತಾ?

ಮನೆಯವರನ್ನೂ ಕೂಲಿಗೆ ಬರೋ ಅಕ್ಕಂದಿರನ್ನೂ ಕೇಳಿ ಬರೆದಿಡಿ. "ಕೆಲಸ ಅಂದಮೇಲೆ ನೋವು ಇದ್ದದ್ದೇ ಬಿಡಪ್ಪಾ" ಅಂತಾರೆ. ಅಲ್ಲಿಗೇ ಬಿಡಬೇಡಿ, ಒಂದೊಂದೇ ಭಾಗದ ಹೆಸರು ಹೇಳಿ ಕೇಳಿ. ಮೂರನೇ ಪ್ರಶ್ನೆಗೆ "ಹೌದು" ಅಂದವರ ಕೆಲಸವನ್ನೇ ಮೊದಲು ಬದಲಿಸಬೇಕು.

ಕಾಲಿಗೆ ಜೋಮು ಇಳಿಯೋದು, ಕಾಲಲ್ಲಿ ಶಕ್ತಿ ಕುಂದೋದು ಕಂಡರೆ ವೈದ್ಯರಿಗೆ ತೋರಿಸಿ. ಮೂತ್ರ-ಮಲದ ಹಿಡಿತ ತಪ್ಪಿದರೆ ಅಥವಾ ತೊಡೆ ಸಂದಿಯಲ್ಲಿ ಸ್ಪರ್ಶವೇ ತಿಳಿಯದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಥವರಿಗೆ ಬೆನ್ನು ತಿಕ್ಕಿಸೋದು, ಸೊಂಟ ಮುರಿಸೋದು ಬೇಡವೇ ಬೇಡ.

ಆಮೇಲೆ ಅಳೆಯಿರಿ

*ಕೋನ:* ಕೆಲಸ ಮಾಡುವವರ ಒಪ್ಪಿಗೆ ಕೇಳಿ, ಪಕ್ಕದಿಂದ ಫೋಟೋ ತೆಗೆಯಿರಿ. ಫೋಟೋ ಮೇಲೆ ಸೊಂಟದಿಂದ ಭುಜಕ್ಕೆ ಒಂದು ಗೆರೆ, ಸೊಂಟದಿಂದ ನೇರ ಮೇಲಕ್ಕೆ ಇನ್ನೊಂದು ಗೆರೆ ಎಳೆಯಿರಿ. ನಡುವಿನದೇ ಬಾಗಿದ ಕೋನ. 2000ರಲ್ಲಿ ಬಂದ 'ರೀಬಾ' ಅನ್ನೋ ಅಳತೆ ಪದ್ಧತಿಯಲ್ಲಿ ಮುಂಡಕ್ಕೆ ಅಂಕ ಹೀಗಿದೆ: ನೆಟ್ಟಗಿದ್ದರೆ 1, 20 ಡಿಗ್ರಿವರೆಗೆ ಬಾಗಿದರೆ 2, 20ರಿಂದ 60ಕ್ಕೆ 3, 60 ದಾಟಿದರೆ 4. ಬಾಗಿ ಪಕ್ಕಕ್ಕೂ ತಿರುಗಿದರೆ ಇನ್ನೊಂದು ಸೇರಿಸಿ.

*ಹೊತ್ತು:* ಮೊಬೈಲ್‌ನಲ್ಲಿ 10 ನಿಮಿಷ ಟೈಮರ್ ಇಟ್ಟು, ಪ್ರತಿ 30 ಸೆಕೆಂಡಿಗೊಮ್ಮೆ ನೋಡಿ. ಒಟ್ಟು 20 ಸಲ ಆಗುತ್ತೆ. ಅದರಲ್ಲಿ 14 ಸಲ 60 ಡಿಗ್ರಿ ದಾಟಿ ಬಾಗಿದ್ದರೆ, ಕೆಲಸದ ನೂರಕ್ಕೆ 70 ಭಾಗ ಹೊತ್ತು ಬೆನ್ನು ಆ ಸ್ಥಿತಿಯಲ್ಲೇ ಇದೆ ಅಂತ ಲೆಕ್ಕ.

*ಸಲ:* ಮೊಗ್ಗು ಬಿಡಿಸೋ ಕೈಯನ್ನು ಒಂದು ನಿಮಿಷ ಎಣಿಸಿ. ನಿಮಿಷಕ್ಕೆ 40 ಬಂದರೆ ಎರಡು ತಾಸಿಗೆ 4,800. ಹೆಬ್ಬೆರಳು, ಮಣಿಕಟ್ಟು ಯಾಕೆ ನೋಯುತ್ತೆ ಅನ್ನೋದಕ್ಕೆ ಆ ಸಂಖ್ಯೆಯೇ ಉತ್ತರ.

*ಭಾರ:* ಅಮೆರಿಕದ ನಿಯೋಶ್ ಸಂಸ್ಥೆಯ 1991ರ ಸೂತ್ರದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ ಕೈಯಿಂದ ಎತ್ತಲು ಸೂಚಿಸಿದ ಮಿತಿ 23 ಕೆ.ಜಿ. ನಮ್ಮ ಯೂರಿಯಾ ಚೀಲ 45 ಕೆ.ಜಿ., ಡಿಎಪಿ 50. ನೆಲದಿಂದ ಎತ್ತಿದರೆ, ಮೈಯಿಂದ ದೂರ ಹಿಡಿದರೆ, ತಿರುಗಿಕೊಂಡು ಎತ್ತಿದರೆ ಆ 23 ಇನ್ನೂ ಇಳಿಯುತ್ತೆ.

ಇನ್ನು ಬದಲಾವಣೆ

*ಕಳೆ:* ಗಿಡ್ಡ ಹಿಡಿಕೆಯ ಕುರ್ಪಿ ಬಗ್ಗಿಸುತ್ತೆ ಇಲ್ಲವೇ ಕುಕ್ಕರಗಾಲಲ್ಲಿ ಕೂರಿಸುತ್ತೆ. ಸಾಲು ಬಿತ್ತನೆ ಮಾಡಿದ್ದರೆ ಸೈಕಲ್ ಎಡೆಕುಂಟೆ ನಿಂತೇ ತಳ್ಳಬಹುದು. ಹಿಡಿಕೆಯನ್ನು ತಳ್ಳುವವರ ಸೊಂಟದ ಎತ್ತರಕ್ಕೆ ಕಟ್ಟಿ. ಕುರ್ಪಿ ಬುಡದ ಕಳೆಗೆ ಮಾತ್ರ ಉಳಿಯಲಿ. ಹಿಡಿಕೆಯ ಉದ್ದ ಸಣ್ಣ ವಿಷಯ ಅನಿಸಬಹುದು. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೃಷಿ ಕಾರ್ಮಿಕರು ಇದೇ ವಿಷಯಕ್ಕೆ ಕೋರ್ಟಿಗೆ ಹೋದರು. ಗಿಡ್ಡ ಹಿಡಿಕೆಯ ಗುದ್ದಲಿ ಅವರ ಬೆನ್ನು ಹಾಳು ಮಾಡ್ತಿತ್ತು. 1975ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪು ಅವರ ಪರ ಬಂತು, ಆ ಗುದ್ದಲಿಯ ಬಳಕೆ ನಿಂತಿತು.

*ಮಲ್ಲಿಗೆ:* ಉಡಿಯಲ್ಲಿ ಮೊಗ್ಗು ತುಂಬೋ ಬದಲು ಎರಡೂ ಕೈ ಬಿಡುವಾಗುವ ಹಾಗೆ ಸೊಂಟಕ್ಕೆ ಬಟ್ಟೆ ಚೀಲ ಕಟ್ಟಿ. ಮೇಲಿನ ಮೊಗ್ಗನ್ನು ನಿಂತು, ಕೆಳಗಿನದನ್ನು ಸಣ್ಣ ಸ್ಟೂಲ್ ಮೇಲೆ ಕೂತು ಬಿಡಿಸಿ. ಕೈ ಬದಲಿಸ್ತಾ ಇರಿ. ಚಾಟನಿ ಮಾಡುವಾಗ ಸಾಲಿನ ನಡುವೆ ಕಾಲಿಡಲು ಜಾಗ ಬಿಟ್ಟರೆ ದೂರದಿಂದ ಚಾಚಿ ಬಾಗೋದು ತಪ್ಪುತ್ತೆ.

*ಸಿಂಪಡಣೆ:* 16 ಲೀಟರ್ ಟ್ಯಾಂಕ್ ಅಂದರೆ ನೀರೇ 16 ಕೆ.ಜಿ., ಮೇಲೆ ಯಂತ್ರದ ತೂಕ. ಎಕರೆಗೆ 200 ಲೀಟರ್ ಹೊಡೆದರೆ 12-13 ಸಲ ಬೆನ್ನಿಗೇರಿಸಬೇಕು. ಬ್ಯಾಟರಿ ಪಂಪು ಕೈಗೆ ಆರಾಮ, ಬೆನ್ನಿನ ಭಾರವನ್ನು ಇಳಿಸೋದಿಲ್ಲ. ಟ್ಯಾಂಕನ್ನು ಸೊಂಟದ ಎತ್ತರದ ಕಟ್ಟೆ ಮೇಲಿಟ್ಟು ತುಂಬಿ, ಅಲ್ಲಿಂದಲೇ ಬೆನ್ನಿಗೇರಿಸಿ. ನೆಲಕ್ಕೆ ಕೊಡುವ ಜೀವಾಮೃತವನ್ನು ನಾನು ಚೆನ್ನಾಗಿ ಸೋಸಿ ಡ್ರಿಪ್‌ನಲ್ಲೇ ಬಿಡ್ತೀನಿ, ಹೊರುವ ಕೆಲಸವೇ ಇಲ್ಲ.

*ಚೀಲ:* ಇಬ್ಬರು ಹಿಡಿಯಿರಿ, ಇಲ್ಲವೇ ಅರ್ಧ ಮಾಡಿ. ಮೈಗೆ ಒತ್ತಿ ಹಿಡಿದು, ತಿರುಗುವಾಗ ಪಾದ ಎತ್ತಿಟ್ಟು ತಿರುಗಿ. ದೂರಕ್ಕೆ ತಳ್ಳುಗಾಡಿ.

*ಬಿಡುವು:* ಅರ್ಧ ತಾಸಿಗೊಮ್ಮೆ ಅಲಾರಂ ಇಟ್ಟು, ಒಂದೆರಡು ನಿಮಿಷ ನೆಟ್ಟಗೆ ನಿಂತು ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಹಿಂದಕ್ಕೆ ಬಾಗಿ. ಬೆಳಗ್ಗೆ ಕಳೆ ತೆಗೆದವರಿಗೆ ಮಧ್ಯಾಹ್ನ ನಿಂತು ಮಾಡುವ ಕೆಲಸ ಕೊಡಿ. ಕೂಲಿ ಕೆ.ಜಿ. ಲೆಕ್ಕದಲ್ಲಿ ಕೊಡ್ತಿದ್ದರೆ ಯಾರೂ ಬಿಡುವು ತಗೊಳೋದಿಲ್ಲ. ಆದ್ದರಿಂದ ಮಾಲೀಕರಾದ ನಾವೇ ಆ ಹೊತ್ತನ್ನು ಕೂಲಿಯಲ್ಲಿ ಸೇರಿಸಬೇಕು.

ಈ ವಾರ ಒಂದೇ ಕೆಲಸ ಆರಿಸಿಕೊಳ್ಳಿ. ಇವತ್ತು 20 ಸಲದ ಲೆಕ್ಕ ಬರೆದಿಡಿ, ಒಂದು ಬದಲಾವಣೆ ಮಾಡಿ, 15 ದಿನ ಬಿಟ್ಟು ಮತ್ತೆ ಎಣಿಸಿ. 14 ಇದ್ದದ್ದು 6ಕ್ಕೆ ಇಳಿದರೆ ಆ ಬದಲಾವಣೆ ಕೆಲಸ ಮಾಡಿದೆ. ಇಳಿಯದಿದ್ದರೆ ಹಿಡಿಕೆಯನ್ನೋ ಎತ್ತರವನ್ನೋ ಮತ್ತೆ ಸರಿಪಡಿಸಿ, ಇನ್ನೊಮ್ಮೆ ಅಳೆಯಿರಿ.