ತಾಯಿ ಮನೆಯಲ್ಲಿಲ್ಲದ ಎರಡು ದಿವಸ: ತಂದೆಗಳಿಗೊಂದು ಪಾಠ



ತಾಯಿಯು ಎರಡು ದಿವಸ ಊರಿಗೆ ಹೋದಾಗ ಚಿಕ್ಕ ಮಕ್ಕಳನ್ನು ನೋಡಿಕೊಳ್ಳತಕ್ಕವರು ಯಾರು? ಈ ಪ್ರಶ್ನೆಯನ್ನು ನಮ್ಮ ಕಡೆಯ ಮನೆಗಳಲ್ಲಿ ಕೇಳಿದರೆ, ತಂದೆಯೇ ಎಂಬ ಉತ್ತರವು ಬೇಗನೆ ಬರುವದಿಲ್ಲ. ಅಜ್ಜಿ, ಚಿಕ್ಕಮ್ಮ, ನೆರೆಮನೆಯವಳು, ಇವರಾರೂ ಇಲ್ಲದಿದ್ದರೆ ಒಂಬತ್ತು ವರುಷದ ಹಿರೀ ಮಗಳು, ಹೀಗೆ ಎಲ್ಲರನ್ನೂ ಎಣಿಸಿದ ಮೇಲೆ ತಂದೆಯ ನೆನಪಾಗುವದು. ಆದಕಾರಣ ಈ ಕೆಲಸವು ತಂದೆಯದೇ ಎಂಬದನ್ನೂ, ಅವನು ಅದನ್ನು ಹೇಗೆ ನಡಿಸಬೇಕೆಂಬದನ್ನೂ ಈ ಪಾಠದಲ್ಲಿ ವಿಚಾರಿಸುವೆವು.

1. ಈ ಪಾಠದ ಅಗತ್ಯವೇನು?

ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಹೆಸರಾದ ಪಟ್ಟಣ. ಅಲ್ಲಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದಲ್ಲಿರುವ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಯಂತ್ರದ ಕಾರ್ಖಾನೆಯು ಆರಂಭವಾಯಿತು. ಗಂಡಸು ಪಾಳಿಯ ಕೆಲಸಕ್ಕೆ ಹೋಗುವದು, ಹೆಂಗಸು ಮನೆಯನ್ನೂ ಮಕ್ಕಳನ್ನೂ ನೋಡುವದು ಎಂಬ ಏರ್ಪಾಡು ಎಷ್ಟೋ ಮನೆಗಳಲ್ಲಿ ಬೇರೂರಿತು. ಮುಂದೆ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿದವು, ಆ ಕಾರ್ಖಾನೆಯೂ ಮುಚ್ಚಿತು. ಏರ್ಪಾಡು ಮಾತ್ರ ಉಳಿಯಿತು. ಇದು ನಮ್ಮ ಎರಡು ಊರುಗಳ ಸಂಗತಿ ಮಾತ್ರವಲ್ಲ. 2024ರಲ್ಲಿ ಭಾರತ ಸರಕಾರವು ನಡಿಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, 15ರಿಂದ 59 ವರುಷದ ಹೆಂಗಸರಲ್ಲಿ ನೂರಕ್ಕೆ 41 ಮಂದಿ ದಿನದಲ್ಲಿ ಮನೆಯವರ ಆರೈಕೆಯ ಕೆಲಸ ಮಾಡಿದರು. ಗಂಡಸರಲ್ಲಿ ಮಾಡಿದವರು ನೂರಕ್ಕೆ ಸುಮಾರು 21 ಮಂದಿ. ಅದನ್ನು ಮಾಡಿದ ಹೆಂಗಸರು ಅದಕ್ಕೆ ಕೊಟ್ಟದ್ದು 140 ನಿಮಿಷ, ಗಂಡಸರು ಕೊಟ್ಟದ್ದು 74 ನಿಮಿಷ.

ಇತ್ತ 2023ನೇ ಜೂನ್ 11ರಂದು ಕರ್ನಾಟಕ ಸರಕಾರವು ಶಕ್ತಿ ಯೋಜನೆಯನ್ನು ಆರಂಭಿಸಿ, ರಾಜ್ಯದ ಹೆಂಗಸರಿಗೆ ಸಾಧಾರಣ ಸರಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದೆ ಪ್ರಯಾಣಿಸುವ ಅನುಕೂಲ ಮಾಡಿತು. ತಂಗಿಯ ಬಾಣಂತನಕ್ಕೂ, ತವರಿನಲ್ಲಿ ಹಾಸಿಗೆ ಹಿಡಿದ ತಾಯಿಯ ಬಳಿಗೂ ಹೋಗಿಬರಲು ಹಣದ ಅಡ್ಡಿಯು ತಗ್ಗಿತು. ಆದರೆ ಮಕ್ಕಳ ಚಿಂತೆಯ ಅಡ್ಡಿಯು ತಗ್ಗಿತೋ? ಅದನ್ನು ತೆಗೆಯತಕ್ಕವನು ಗಂಡನೇ.

2. ಹೊರಡುವದಕ್ಕೆ ಮುಂಚೆ ಕೇಳತಕ್ಕವುಗಳು

ಮಗುವಿನ ವಿಷಯವಾದ ತಿಳುವಳಿಕೆಯೆಲ್ಲಾ ತಾಯಿಯೊಬ್ಬಳ ತಲೆಯಲ್ಲೇ ಇರುವದು ದೊಡ್ಡ ಅಪಾಯ. ಆದಕಾರಣ ಹಿಂದಿನ ಸಾಯಂಕಾಲ ತಂದೆಯು ಹೆಂಡತಿಯ ಬಳಿ ಕೂತು, ಪ್ರತಿ ಮಗುವಿನ ತೂಕವೆಷ್ಟು, ಯಾವ ಆಹಾರ ಅಥವಾ ಔಷಧ ಅದಕ್ಕೆ ಒಗ್ಗುವದಿಲ್ಲ, ಲಸಿಕೆಯ ತಾಯಿ ಕಾರ್ಡು ಎಲ್ಲಿದೆ, ಕೂಸು ಎಷ್ಟು ಹೊತ್ತಿಗೆ ಮಲಗುವದು ಎಂಬಿವುಗಳನ್ನು ಕೇಳಿ ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೇ ಆಹಾರವಾದದರಿಂದ ಅಂಥ ಕೂಸನ್ನು ತಾಯಿಯು ಸಂಗಡ ಕರಕೊಂಡು ಹೋಗುವದೇ ಉತ್ತಮ.

3. ಊಟವೂ ಅಪಾಯಗಳೂ

ಒಂದು ಹೊತ್ತು ಮಕ್ಕಳನ್ನು ಬೆಣ್ಣೆದೋಸೆಯ ಹೋಟೆಲಿಗೆ ಕರಕೊಂಡು ಹೋದರೆ ಕೇಡಿಲ್ಲ. ಎರಡು ದಿವಸವೂ ಹಾಗೆಯೇ ಸಾಗಿಸುವದು ಸರಿಯಲ್ಲ. ಅನ್ನ ಬೇಯಿಸಿ, ಬೇಳೆಯ ಸಾರು ಮಾಡಿ, ಚಿಕ್ಕದಕ್ಕೆ ಮೆತ್ತಗೆ ಕಲಸಿಕೊಡುವದು ಗಂಡಸಿಗೆ ಅಸಾಧ್ಯವಾದ ವಿದ್ಯೆಯೇನೂ ಅಲ್ಲ. ನಮ್ಮ ಊರಿನ ಒಗ್ಗರಣೆ ಮಂಡಕ್ಕಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದರಲ್ಲಿರುವ ಇಡೀ ಶೇಂಗಾ ಬೀಜವನ್ನು ಐದು ವರುಷದೊಳಗಿನ ಮಕ್ಕಳಿಗೆ ಕೊಡಬಾರದು. ಯಾಕಂದರೆ ಅದು ಉಸಿರಿನ ದಾರಿಯಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೆ ಬರಬಹುದು.

ಎರಡನೆಯ ಅಪಾಯವು ನೀರು. ಹರಿಹರದವರಿಗೆ ಹೊಳೆಯೂ, ದಾವಣಗೆರೆಯ ಸುತ್ತಲಿನ ಹಳ್ಳಿಯವರಿಗೆ ಭದ್ರಾ ನಾಲೆಯೂ ಹತ್ತಿರ. ಆದರೆ ಈಗತಾನೇ ನಡೆಯಲು ಕಲಿತ ಕೂಸು ಬಚ್ಚಲಿನ ಬಕೆಟ್ಟಿನೊಳಗೆ ತಲೆಕೆಳಗಾಗಿ ಬಿದ್ದರೆ ಗೇಣುದ್ದದ ನೀರೇ ಸಾಕು. ಬಕೆಟ್ಟನ್ನು ಬರಿದು ಮಾಡಿ ಬೋರಲಿಡುವದು ಅರೆ ನಿಮಿಷದ ಕೆಲಸ.

4. ರಾತ್ರಿಯಲ್ಲಿ ಮೈ ಬಿಸಿಯಾದರೆ

ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಕಾಯದೆ ವೈದ್ಯರ ಬಳಿಗೆ ಒಯ್ಯಬೇಕು. ದೊಡ್ಡ ಮಕ್ಕಳಿಗೆ ಪ್ಯಾರಾಸಿಟಮಾಲ್ ಔಷಧವನ್ನು ತೂಕದ ಮೇಲೆ ಅಳೆದು ಕೊಡತಕ್ಕದ್ದು. ಒಂದು ಸಾರಿಗೆ ಕಿಲೋ ತೂಕಕ್ಕೆ 15 ಮಿಲಿಗ್ರಾಮನ್ನು ಮೀರಬಾರದು, ಎರಡು ಸಾರಿಯ ನಡುವೆ ನಾಲ್ಕರಿಂದ ಆರು ತಾಸು ಬಿಡಬೇಕು, ದಿನಕ್ಕೆ ನಾಲ್ಕು ಸಾರಿಗಿಂತ ಹೆಚ್ಚು ಕೊಡಬಾರದು. ಅನೇಕರು ಲಕ್ಷಿಸದ ಸಂಗತಿಯೊಂದುಂಟು. ಈ ಸಿರಪ್ಪು 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಮಿನದಾಗಿಯೂ 250 ಮಿಲಿಗ್ರಾಮಿನದಾಗಿಯೂ ಸಿಕ್ಕುವದು. ಹತ್ತು ಕಿಲೋ ತೂಕದ ಮಗುವಿಗೆ ಮೊದಲನೆಯದರಲ್ಲಿ 6 ಮಿಲಿಲೀಟರಾದರೆ ಎರಡನೆಯದರಲ್ಲಿ ಮೂರೇ. ಶೀಸೆಯ ಚೀಟಿಯನ್ನು ಓದದೆ ಕತ್ತಲಲ್ಲಿ ಹೊಯ್ಯುವವನು ಇಮ್ಮಡಿ ಔಷಧವನ್ನು ಕುಡಿಸಿಬಿಡುವನು.

ಭೇದಿಯಾದರೆ, ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರಾ ಒಂದು ಲೀಟರು ಶುದ್ಧ ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಒಂದು ದಿವಸ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಮಗುವು ಏನನ್ನೂ ಕುಡಿಯಲಾರದೆ ಹೋದರೆ, ಕುಡಿದದ್ದೆಲ್ಲಾ ಕಾರಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿ ಬಿದ್ದಿದ್ದರೆ, ಉಸಿರಾಡಲು ಕಷ್ಟಪಟ್ಟರೆ, ಹೆಂಡತಿಗೆ ಫೋನು ಮಾಡಿ ಉತ್ತರಕ್ಕಾಗಿ ಕಾಯುತ್ತಾ ಕೂರಬಾರದು. ಮೊದಲು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು. ಹರಿಹರದಲ್ಲಿ ತಾಲೂಕು ಆಸ್ಪತ್ರೆಯೂ ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ಇವೆ.

ಮೈ ಬಿಸಿಯಿಲ್ಲದಿದ್ದರೂ ಮಗುವು ಅಮ್ಮಾ ಎಂದು ಅತ್ತರೆ ತಂದೆಯು ಅದನ್ನು ತನಗಾದ ಅವಮಾನವೆಂದು ಎಣಿಸಿ ಗದರಿಸಬಾರದು. ಎತ್ತಿಕೊಂಡು, ತಾಯಿಯು ಎಂದು ಬರುವಳೆಂದು ನಿಜ ಹೇಳಿ, ಹೆಗಲ ಮೇಲೆ ತಟ್ಟಲಿ. ಇಗೋ ಬಂದಳೆಂದು ಸುಳ್ಳು ಹೇಳಿದರೆ ಮರುದಿವಸದ ಅಳುವು ಹೆಚ್ಚುವದು.

5. ಹಿರೀ ಮಗಳ ವಿಷಯ

ಪಾಠದ ಮುಖ್ಯ ಮಾತಿಗೆ ಬಂದೆವು. ತಾಯಿಯು ಬಸ್ಸು ಹತ್ತಿದ ಗಳಿಗೆಯಿಂದ ಎಷ್ಟೋ ಮನೆಗಳಲ್ಲಿ ಹಿರೀ ಮಗಳೇ ತಾಯಿಯಾಗುವಳು. ಅವಳು ತಮ್ಮನನ್ನು ಸೊಂಟದಲ್ಲಿ ಹೊತ್ತು ಪಾತ್ರೆ ತಿಕ್ಕುವಳು, ಒಲೆಯ ಮುಂದೆ ಕೂರುವಳು. ತಂದೆಯು ಕಟ್ಟೆಯ ಮೇಲೆ ಕೂತು, ನಮ್ಮ ಹುಡುಗಿ ಬಹಳ ಜಾಣೆ ಎಂದು ಹೊಗಳುವನು. ಆ ಹೊಗಳಿಕೆಯ ಬೆಲೆಯನ್ನು ಕೊಡುವವಳು ಹುಡುಗಿ. ಶನಿವಾರದ ಶಾಲೆ ತಪ್ಪುವದು, ಆದಿತ್ಯವಾರದ ಆಟ ತಪ್ಪುವದು, ಸೋಮವಾರ ಪಾಠ ಒಪ್ಪಿಸಲಾರದೆ ನಿಲ್ಲುವಳು. ಕೂಸು ಅವಳ ಕೈಯಿಂದ ಜಾರಿಬಿದ್ದರೆ ಬೈಗಳೂ ಅವಳಿಗೇ. ಒಂಬತ್ತು ವರುಷದವಳು ಔಷಧದ ಚೀಟಿಯನ್ನು ಓದಿ ತೂಕ ಲೆಕ್ಕ ಹಾಕುವಳೋ? ಅವಳೂ ಆ ಎರಡು ದಿವಸ ತಾಯಿಯನ್ನು ಅಗಲಿದ ಮಗುವೇ ಎಂಬದನ್ನು ಮರೆಯಬಾರದು. ಅವಳು ಲೋಟ ತಂದುಕೊಡಲಿ, ತಮ್ಮನಿಗೆ ಕಥೆ ಹೇಳಲಿ. ಹಾಗೆಯೇ ಅವಳ ತಮ್ಮನೂ ತನ್ನ ತಟ್ಟೆಯನ್ನು ತಾನೇ ಎತ್ತಲಿ. ಭಾರವನ್ನು ಮಾತ್ರ ತಂದೆಯೇ ಹೊರಲಿ.

ತಾಯಿಯು ತಿರಿಗಿ ಬಂದಾಗ ಮನೆ ಅಷ್ಟು ಚೊಕ್ಕಟವಾಗಿ ಇರಲಿಕ್ಕಿಲ್ಲ, ಸಾರಿಗೆ ಉಪ್ಪು ಹೆಚ್ಚಾಗಿರಬಹುದು. ಚಿಂತೆಯಿಲ್ಲ. ಅಂದಿನಿಂದ ದಿವಸದಲ್ಲಿ ಒಂದು ಕೆಲಸವನ್ನಾದರೂ, ಕೂಸಿಗೆ ಸ್ನಾನ ಮಾಡಿಸುವದೋ ರಾತ್ರಿ ಮಲಗಿಸುವದೋ ಯಾವದಾದರೂ ಒಂದನ್ನು, ತಂದೆಯು ತನ್ನದಾಗಿ ಇಟ್ಟುಕೊಂಡರೆ, ಮುಂದೆ ಅವಳು ಹೊರಡಬೇಕಾದಾಗ ಮಕ್ಕಳೂ ಹೆದರರು, ಅವನೂ ಹೆದರನು.

ಮನೆಯಲ್ಲಿ ಮಾತಾಡಿಕೊಳ್ಳತಕ್ಕ ಪ್ರಶ್ನೆಗಳು

1. ನಿಮ್ಮ ಪ್ರತಿಯೊಂದು ಮಗುವಿನ ತೂಕವೆಷ್ಟು? ತಂದೆಯೇ ಹೇಳಲಿ.
2. ಮನೆಯಲ್ಲಿರುವ ಜ್ವರದ ಸಿರಪ್ಪು ಎಷ್ಟು ಮಿಲಿಗ್ರಾಮಿನದು?
3. ತಾಯಿಯು ಊರಿಗೆ ಹೋದಾಗ ನಿಮ್ಮ ಹಿರೀ ಮಗಳ ಯಾವ ಕೆಲಸಗಳು ಹೆಚ್ಚುತ್ತವೆ? ಅವುಗಳಲ್ಲಿ ತಂದೆಯು ಮಾಡತಕ್ಕವು ಯಾವವು?