ಬೆಳಕನ್ನು ಹಿಗ್ಗಿಸಿದ ವಿದ್ಯಾರ್ಥಿನಿ

ನೀರನ್ನು ಕಾಯಿಸಿದರೆ ಆವಿಯಾಗುತ್ತದೆ. ಅನಿಲವನ್ನು ಸಾವಿರಾರು ಡಿಗ್ರಿಗಳವರೆಗೆ ಕಾಯಿಸಿದರೆ ಏನಾಗುತ್ತದೆ? ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ದ್ರವ್ಯದ ಈ ನಾಲ್ಕನೆಯ ಸ್ಥಿತಿಯೇ ಪ್ಲಾಸ್ಮಾ. ಸೂರ್ಯನೂ ನಕ್ಷತ್ರಗಳೂ ಪ್ಲಾಸ್ಮಾದ ಗೋಳಗಳು. ಅತಿ ತೀವ್ರವಾದ ಲೇಸರ್ ಬೆಳಕನ್ನು ಒಂದು ಬಿಂದುವಿನಲ್ಲಿ ಕೇಂದ್ರೀಕರಿಸಿದರೆ ಪ್ರಯೋಗಶಾಲೆಯಲ್ಲಿಯೂ ಪ್ಲಾಸ್ಮಾ ಉಂಟಾಗುತ್ತದೆ.

ಲೇಸರ್ ಮೊದಲು ಬೆಳಗಿದ್ದು 1960ರಲ್ಲಿ. ಅದರ ತೀವ್ರತೆಯನ್ನು ಹೆಚ್ಚಿಸುತ್ತ ಹೋದ ವಿಜ್ಞಾನಿಗಳಿಗೆ ಬೇಗನೆ ಒಂದು ತೊಡಕು ಎದುರಾಯಿತು. ಕ್ಷಣಮಾತ್ರ ಮಿಂಚಿ ಮರೆಯಾಗುವ ಬೆಳಕಿನ ತುಣುಕಿಗೆ ಸ್ಪಂದವೆಂದು ಹೆಸರು. ಪ್ರಬಲವಾದ ಸ್ಪಂದವು ತನ್ನನ್ನು ವರ್ಧಿಸುವ ಗಾಜನ್ನೇ ಕೆಡಿಸಿಬಿಡುತ್ತಿತ್ತು!

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಕೆನಡಾದ ಡೊನ್ನಾ ಸ್ಟ್ರಿಕ್ಲ್ಯಾಂಡ್ ಎಂಬ ತರುಣಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ನಡೆಸುತ್ತಿದ್ದರು. ಅವರ ಮಾರ್ಗದರ್ಶಕರು ಫ್ರಾನ್ಸಿನ ಜೆರಾರ್ ಮೂರೂ. ಜಾತ್ರೆಯ ಜನರೆಲ್ಲ ಒಮ್ಮೆಗೇ ಕಿರುಬಾಗಿಲಿಗೆ ನುಗ್ಗಿದರೆ ಬಾಗಿಲು ಮುರಿದೀತು. ಸಾಲಾಗಿ ಸಾಗಿದರೆ ಅದಕ್ಕೆ ಅಪಾಯವಿಲ್ಲ. ಗುರುಶಿಷ್ಯರು ಬೆಳಕಿನ ವಿಷಯದಲ್ಲಿಯೂ ಈ ಉಪಾಯವನ್ನೇ ಹೂಡಿದರು. ಸ್ಪಂದವನ್ನು ಮೊದಲು ಹಿಗ್ಗಿಸಬೇಕು. ಆಗ ತೀವ್ರತೆ ತಗ್ಗುತ್ತದೆ. ಬಳಿಕ ವರ್ಧಿಸಬೇಕು. ಕೊನೆಯಲ್ಲಿ ಕುಗ್ಗಿಸಬೇಕು.

ಉಪಾಯ ಸರಳ, ಸಾಧನೆ ಕಠಿನ. ಸ್ಪಂದವನ್ನು ಹಿಗ್ಗಿಸಲು ಅವರು 2.5 ಕಿಲೋಮೀಟರು ಉದ್ದದ ಗಾಜಿನ ಎಳೆಯನ್ನು ಬಳಸಿದರು. ಅದರಲ್ಲಿ ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ವೇಗದಲ್ಲಿ ಸಾಗುವುದರಿಂದ ಸ್ಪಂದ ನೀಳವಾಗುತ್ತದೆ. ಆದರೆ ಆಚೆಯ ತುದಿಯಿಂದ ಬೆಳಕೇ ಹೊರಬರಲಿಲ್ಲ. ಎಳೆ ನಡುವೆ ಎಲ್ಲಿಯೋ ತುಂಡಾಗಿತ್ತು. ಬಹಳ ಶ್ರಮಪಟ್ಟು 1.4 ಕಿಲೋಮೀಟರಿನಷ್ಟು ಎಳೆಯಿಂದಲೇ ಅವರು ತೃಪ್ತರಾಗಬೇಕಾಯಿತು. ಹಿಗ್ಗಿಸುವ ಮತ್ತು ಕುಗ್ಗಿಸುವ ಭಾಗಗಳನ್ನು ಒಂದಕ್ಕೊಂದು ಹೊಂದಿಸುವುದೂ ಸುಲಭವಾಗಿರಲಿಲ್ಲ. ಆದರೂ ಸ್ಟ್ರಿಕ್ಲ್ಯಾಂಡರು ಎದೆಗುಂದಲಿಲ್ಲ. 1985ರಲ್ಲಿ ಪ್ರಯೋಗ ಫಲಿಸಿತು. ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅಂಥ ಎರಡು ಭಾಗಗಳಷ್ಟು ಕಾಲ ಮಾತ್ರ ಬೆಳಗುವ ಪ್ರಬಲ ಸ್ಪಂದ ದೊರೆಯಿತು. ಅದನ್ನು ವರ್ಣಿಸಿದ ಲೇಖನವೇ ಅವರ ಮೊದಲ ವೈಜ್ಞಾನಿಕ ಪ್ರಕಟಣೆ. ಇಂಥ ಬೆಳಕು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸುವ ಬಗೆಯನ್ನೂ ಅವರು ತಮ್ಮ 1989ರ ಮಹಾಪ್ರಬಂಧದಲ್ಲಿ ಅಭ್ಯಸಿಸಿದರು.

ಪ್ಲಾಸ್ಮಾವನ್ನು ಕುರಿತ ಸಂಶೋಧನೆಗೆ ಈ ವಿಧಾನ ಹೊಸ ಬಾಗಿಲನ್ನು ತೆರೆಯಿತು. ಕಣ್ಣಿನ ಶಸ್ತ್ರಚಿಕಿತ್ಸೆಗೂ ಅದು ನೆರವಾಯಿತು. 2018ರಲ್ಲಿ ಗುರುಶಿಷ್ಯರಿಬ್ಬರೂ ಭೌತಶಾಸ್ತ್ರದ ನೊಬೆಲ್ ಬಹುಮಾನದ ಅರ್ಧವನ್ನು ಹಂಚಿಕೊಂಡರು. ಆ ಗೌರವ ಪಡೆದ ಮಹಿಳೆಯರಲ್ಲಿ ಸ್ಟ್ರಿಕ್ಲ್ಯಾಂಡರು ಮೂರನೆಯವರು. ತುಂಡಾದ ಎಳೆಯನ್ನು ಕಂಡು ಅಂದು ಅವರು ಕೈಚೆಲ್ಲಿದ್ದರೆ ಆ ಬೆಳಕು ಅವರ ಕೈಯಲ್ಲಿ ಬೆಳಗುತ್ತಿರಲಿಲ್ಲ.